ಕಡಿದ ಮರದ ಇಂಗಾಲ ಎಲ್ಲಿ ಹೋಗುತ್ತದೆ?

ಮರ ಅಳೆಯುವುದು ನನ್ನ ಕೆಲಸ. ಎದೆ ಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುವುದು, ಎತ್ತರ ನೋಡುವುದು, ಆಮೇಲೆ ಕೂತು ಲೆಕ್ಕ ಹಾಕುವುದು. ಇದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: 'ಹಾಗಾದರೆ ಮರ ಕಡಿಯುವುದು ಸರಿಯೋ, ತಪ್ಪೋ?' ನಾನು ತಿರುಗಿ ಕೇಳುತ್ತೇನೆ: ಯಾವ ಕಾಡಿನದು, ಕಡಿದು ಏನು ಮಾಡುತ್ತೀರಿ?

ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಘನ ಮೀಟರ್ ಒಣ ಮರ 500 ಕೆಜಿ ತೂಗುತ್ತದೆ ಅಂದುಕೊಳ್ಳಿ. ಅದರಲ್ಲಿ 250 ಕೆಜಿ ಇಂಗಾಲ. ಗಾಳಿಯಲ್ಲಿದ್ದಾಗ ಅದು ಕಾರ್ಬನ್ ಡೈಆಕ್ಸೈಡ್ ಆಗಿತ್ತಲ್ವಾ? ಆಗಿನ ತೂಕ ಲೆಕ್ಕ ಹಾಕಿದರೆ 900 ಕೆಜಿ ದಾಟುತ್ತದೆ. ಮರಕ್ಕಿಂತ ಅದು ಕುಡಿದ ಗಾಳಿಯೇ ಭಾರ!

ಕೊಡಲಿ ಬಿದ್ದ ಕ್ಷಣಕ್ಕೆ ಇದು ಹೊರಗೆ ಬರುವುದಿಲ್ಲ. ಉರಿದಾಗ ಬರುತ್ತದೆ, ಕೊಳೆತಾಗ ಬರುತ್ತದೆ. ಸೌದೆಯಾದರೆ ಅವತ್ತೇ ವಾಪಸ್. ಜಗತ್ತಿನಲ್ಲಿ ಕಡಿಯುವ ಮರದಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುವುದು ಸೌದೆಗೇ. ಉಳಿದದ್ದಕ್ಕೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಒಂದು ಅಂದಾಜು ಕೊಟ್ಟಿದೆ. ಅರ್ಧ ಇಂಗಾಲ ಗಾಳಿಗೆ ಮರಳಲು ಕಾಗದದಲ್ಲಿ 2 ವರ್ಷ, ಪ್ಲೈವುಡ್‌ನಂಥ ಹಾಳೆಗಳಲ್ಲಿ 25, ಕೊಯ್ದ ಹಲಗೆ, ತೊಲೆಗಳಲ್ಲಿ 35. ಇದು ಸರಾಸರಿ ಅಷ್ಟೇ. ಜಪಾನಿನ ಹೋರ್ಯೂಜಿ ದೇಗುಲದ ಕಂಬಗಳು 1300 ವರ್ಷ ದಾಟಿಯೂ ನಿಂತಿವೆ.

ಇಲ್ಲಿ ಒಂದು ವಿಷಯವನ್ನು ಮರದ ಕಟ್ಟಡ ಮಾರುವವರು ಹೇಳುವುದೇ ಇಲ್ಲ. ದಿಮ್ಮಿ ದುಂಡಗಿರುತ್ತದೆ, ಹಲಗೆ ಚೌಕ. ಸಾಮಿಲ್‌ಗೆ ಹೋದ ದಿಮ್ಮಿಯಲ್ಲಿ ಸುಮಾರು ಅರ್ಧ ಮಾತ್ರ ಹಲಗೆಯಾಗಿ ಹೊರಬರುತ್ತದೆ. ಮಿಕ್ಕಿದ್ದು ಹೊಟ್ಟು, ಚೆಕ್ಕೆ, ತುಂಡು. ಬೇರು, ಕೊಂಬೆಗಳಂತೂ ಕಾಡಿನಲ್ಲೇ ಕೊಳೆಯುತ್ತವೆ. ಇಡೀ ಮರದ ಇಂಗಾಲ ಗೋಡೆಯಲ್ಲಿ ಭದ್ರ ಎಂದು ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ.

ಆದರೂ ಮರದ ಪರ ಒಂದು ಬಲವಾದ ವಾದ ಇದೆ. ಸಿಮೆಂಟ್ ಮಾಡಲು ಸುಣ್ಣದಕಲ್ಲು ಸುಡಬೇಕು. ಒಲೆಗೆ ಎಷ್ಟೇ ಶುದ್ಧ ಇಂಧನ ಹಾಕಿ, ಕಲ್ಲಿನೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಬಂದೇ ಬರುತ್ತದೆ. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ. 7ರಿಂದ 8ರಷ್ಟು ಸಿಮೆಂಟಿನದೇ. ಅದರ ಜಾಗದಲ್ಲಿ ಮರ ನಿಂತರೆ ಅಷ್ಟು ಸಿಮೆಂಟ್ ಉಳಿಯಿತು. ನಾರ್ವೆಯಲ್ಲಿ 2019ರಲ್ಲಿ ಮುಗಿದ ಮ್ಯೋಸ್ಟೋರ್ನೆಟ್ 18 ಮಹಡಿಯ ಮರದ ಕಟ್ಟಡ. ಬೆಂಕಿ ಹತ್ತಿದರೆ? ದಪ್ಪ ತೊಲೆಯ ಹೊರಮೈ ಕರಿಯಾಗಿ ಇದ್ದಿಲು ಕಟ್ಟುತ್ತದೆ, ಆ ಪದರವೇ ಒಳಗಿನ ಮರವನ್ನು ತಕ್ಕಮಟ್ಟಿಗೆ ಕಾಯುತ್ತದೆ.

ಈಗ ಕಾಡಿನ ಮಾತು. ಎಳೆಯ ಮರಗಳು ಬೇಗ ಬೆಳೆಯುತ್ತವೆ, ಹಳೆಯ ಕಾಡು ನಿಧಾನ. ಅದಕ್ಕೇ ಹಳೆಯದನ್ನು ಕಡಿದು ಹೊಸದು ನೆಡಿ ಎನ್ನುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ತಿಂಗಳ ಸಂಬಳವನ್ನೂ ಬ್ಯಾಂಕಿನಲ್ಲಿ ಕೂಡಿಟ್ಟ ಹಣವನ್ನೂ ಒಂದೇ ಅಂದುಕೊಂಡ ಹಾಗಾಯಿತು. ಶತಮಾನಗಳಿಂದ ಮರದಲ್ಲಿ, ಮಣ್ಣಿನಲ್ಲಿ ಕೂಡಿಟ್ಟದ್ದನ್ನು ಒಂದು ಬೇಸಿಗೆಯಲ್ಲಿ ಖರ್ಚು ಮಾಡಿದರೆ, ಮತ್ತೆ ತುಂಬಲು ಮೊಮ್ಮಕ್ಕಳ ಕಾಲವೂ ಸಾಲದು. ನೆಟ್ಟ ದಿನ ಸಸಿಯಲ್ಲಿರುವ ಇಂಗಾಲ ಕೆಲವೇ ಗ್ರಾಂ. ಹಳೆಯ ಸಹಜ ಕಾಡನ್ನು ಅದರ ಪಾಡಿಗೆ ಬಿಟ್ಟು, ನಾಟಾ ಬೇಕಾದರೆ ನೆಟ್ಟು ಬೆಳೆಸಿದ ತೋಪಿನಿಂದ ತೆಗೆಯಿರಿ. ಬೆಳೆದಷ್ಟೇ ಕಡಿಯಬೇಕು ಎಂಬ ಲೆಕ್ಕ ಹೊಸದಲ್ಲ. ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿ ನೋಡಿಕೊಳ್ಳುತ್ತಿದ್ದ ಕಾರ್ಲೊವಿಟ್ಜ್ 1713ರಲ್ಲೇ ಇದನ್ನು ಬರೆದಿದ್ದರು. ಬೆಳ್ಳಿ ಕರಗಿಸುವ ಕುಲುಮೆಗಳು ಅಲ್ಲಿನ ಕಾಡನ್ನೇ ನುಂಗುತ್ತಿದ್ದವು.

ಮರದ ಮೇಲೆ ಎಫ್‌ಎಸ್‌ಸಿ ಮುದ್ರೆ ಇದ್ದರೆ ಒಳ್ಳೆಯದು. 1993ರಲ್ಲಿ ಶುರುವಾದ ಆ ಸಂಸ್ಥೆಯ ಮುದ್ರೆ ಮರ ಎಂಥ ಕಾಡಿನಿಂದ ಬಂತು ಎಂದು ಹೇಳುತ್ತದೆ. ಎಷ್ಟು ವರ್ಷ ಬಾಳುತ್ತದೆ ಎಂದಲ್ಲ. ಅದು ಬಳಸುವವರ ಕೈಯಲ್ಲಿದೆ. ಹಳೆಯ ಮನೆ ಕೆಡವಿದಾಗ ತೊಲೆಗಳನ್ನು ಸೌದೆಗೆ ಹಾಕುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಗೆದ್ದಲು ಹಿಡಿಯದ ತೊಲೆಯಾದರೆ ಮೊಳೆ ಕಿತ್ತು ಮತ್ತೆ ಕೊಯ್ಯಬಹುದು. ಒಂದು ಮೊಳೆ ಒಳಗೆ ಉಳಿದರೂ ಗರಗಸದ ಹಲ್ಲು ಹೋಗುತ್ತದೆ, ಅದಕ್ಕೇ ಸಾಮಿಲ್‌ನವರು ಹಳೆಯ ಮರ ಅಂದರೆ ಮುಖ ಸಿಂಡರಿಸುತ್ತಾರೆ. ಲೋಹ ಪತ್ತೆ ಹಚ್ಚುವ ಯಂತ್ರವನ್ನು ಮೊದಲೇ ಒಮ್ಮೆ ಆಡಿಸಿ ಕೊಟ್ಟರೆ ತಕರಾರು ಕಮ್ಮಿ.