ಪುಡಿ ನಾಯಿಗಲ್ಲ, ಊಟಕ್ಕೆ

"ಬೆಳಗ್ಗೆ ಪುಡಿ ಕೊಟ್ಟಿದ್ದೀನಲ್ಲ ಡಾಕ್ಟ್ರೇ, ಸಂಜೆ ಒಂದೇ ಒಂದು ಬಿಸ್ಕತ್ತು ಹಾಕಿದ್ರೆ ಏನಾಗುತ್ತೆ?"

ನಾಯಿಗೆ ಇಪಿಐ, ಅಂದರೆ ಊಟ ಜೀರ್ಣ ಮಾಡುವ ಎಂಜೈಮ್‌ಗಳನ್ನು ಮೇದೋಜೀರಕ ಗ್ರಂಥಿ ಸಾಕಷ್ಟು ತಯಾರಿಸದ ಕಾಯಿಲೆ, ಅಂತ ಹೊಸದಾಗಿ ಗೊತ್ತಾದ ಮನೆಯವರು ಹೆಚ್ಚುಕಡಿಮೆ ಎಲ್ಲರೂ ನನ್ನನ್ನು ಈ ಮಾತು ಕೇಳಿದ್ದಾರೆ. ಕೇಳುವವರು ದಡ್ಡರಲ್ಲ, ಅಸಡ್ಡೆಯವರೂ ಅಲ್ಲ. ನಾಯಿಯ ಕಕ್ಕದ ಫೋಟೋ ತೆಗೆದು, ನಾನು ತಿಂಡಿಗೆ ಕೂತ ಹೊತ್ತಿಗೆ ಸರಿಯಾಗಿ ವಾಟ್ಸಾಪ್ ಮಾಡುವಷ್ಟು ಕಾಳಜಿ ಇರುವವರು. ಆದರೂ ಈ ಒಂದು ವಿಷಯ ಮಾತ್ರ ತಲೆಗೆ ಹತ್ತುವುದಿಲ್ಲ. ತಪ್ಪು ಅವರದ್ದಲ್ಲ ಅನ್ನಿ. 'ಔಷಧಿ' ಅನ್ನುವ ಪದವೇ ದಾರಿ ತಪ್ಪಿಸುತ್ತದೆ.

ಜ್ವರದ ಮಾತ್ರೆ ನುಂಗಿದರೆ ಅದು ರಕ್ತಕ್ಕೆ ಸೇರುತ್ತದೆ, ಮೈಯೆಲ್ಲ ಓಡಾಡುತ್ತದೆ, ಇಷ್ಟು ಗಂಟೆ ಅಂತ ಕೆಲಸ ಮಾಡುತ್ತದೆ. ಹಾಗಾಗಿ 'ಬೆಳಗ್ಗೆ ಒಂದು, ರಾತ್ರಿ ಒಂದು' ಅಂದರೆ ನಮಗೆ ಅರ್ಥವಾಗುತ್ತದೆ. ಆ ಎಂಜೈಮ್‌ಗಳ ಬದಲಿಗೆ ಊಟಕ್ಕೆ ಕಲಸುವ ಎಂಜೈಮ್ ಪುಡಿ ಹಾಗಲ್ಲ. ಅದು ರಕ್ತಕ್ಕೆ ಹೋಗುವುದೇ ಇಲ್ಲ. ಮೇದೋಜೀರಕ ಗ್ರಂಥಿಯನ್ನು, ಅಂದರೆ ಪ್ಯಾಂಕ್ರಿಯಾಸನ್ನು, ವಾಸಿ ಮಾಡುವುದೂ ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ತನ್ನ ಜೊತೆ ಕಲೆತ ಆಹಾರವನ್ನು ಒಡೆಯುವುದು. ಆ ತುತ್ತು ಮುಗಿಯಿತೋ, ಅದರ ಕೆಲಸವೂ ಮುಗಿಯಿತು. ಬೆಳಗಿನ ಊಟಕ್ಕೆ ಹಾಕಿದ ಪುಡಿಗೂ ಸಂಜೆಯ ಬಿಸ್ಕತ್ತಿಗೂ ಯಾವ ಸಂಬಂಧವೂ ಇಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಈಗ ನಾನು ಮಾಡಿಯೇ ತೋರಿಸುತ್ತೇನೆ. ನಾಯಿಯ ಒಣ ಆಹಾರವನ್ನು ನೀರಿನಲ್ಲಿ ನೆನೆಸಿ, ಗಟ್ಟಿಯಾಗಿ ಕಲಸಿ, ಎರಡು ಸ್ಟೀಲ್ ಬಟ್ಟಲಿಗೆ ಹಾಕುತ್ತೇನೆ. ಎರಡಕ್ಕೂ ನಡುಮಧ್ಯೆ ಒಂದೊಂದು ಚಮಚ ನೆಟ್ಟಗೆ ನಿಲ್ಲಿಸುತ್ತೇನೆ. ಅದಕ್ಕೂ ಮೊದಲು ಒಂದು ಬಟ್ಟಲಿಗೆ ಮಾತ್ರ ಎಂಜೈಮ್ ಪುಡಿ ಉದುರಿಸಿ ಚೆನ್ನಾಗಿ ತಿರುವಿರುತ್ತೇನೆ. ಆಮೇಲೆ ಮಾತಿಗೆ ಕೂರುತ್ತೇವೆ. ತೂಕ ನೋಡುವುದು, ಚೀಟಿ ಬರೆಯುವುದು, ಅವರ ಪ್ರಶ್ನೆಗಳು, ಎಲ್ಲ ಆಗುವಷ್ಟರಲ್ಲಿ ಇಪ್ಪತ್ತು ನಿಮಿಷವಾದರೂ ಆಗಿರುತ್ತದೆ. ಪುಡಿ ಹಾಕಿದ ಬಟ್ಟಲಲ್ಲಿ ಅಂಚು ಕುಸಿದಿರುತ್ತದೆ, ಮೇಲೆ ನೀರು ಬಿಟ್ಟಂತೆ ಹೊಳೆಯುತ್ತದೆ. ಚಮಚ ಮೆಲ್ಲಗೆ ವಾಲಿ ಬಟ್ಟಲಿನ ಅಂಚಿಗೆ ಒರಗಿರುತ್ತದೆ. ಇನ್ನೊಂದರಲ್ಲಿ ಚಮಚ ಕಂಬದಂತೆ ನಿಂತೇ ಇರುತ್ತದೆ. ವಾಸನೆಯೂ ಬೇರೆ. ಪುಡಿ ಬಿದ್ದದ್ದು ಒಂಥರಾ ಘಾಟು.

"ನೋಡಿ, ಇದೇ ಜೀರ್ಣ ಅಂದರೆ. ಇದರಲ್ಲಿ ನಿಮ್ಮ ನಾಯಿ ಎಲ್ಲಿದೆ?" ಅಂತ ಕೇಳುತ್ತೇನೆ. ನಾಯಿ ಮೂಲೆಯಲ್ಲಿ ಕೂತು ಬಟ್ಟಲನ್ನೇ ದಿಟ್ಟಿಸುತ್ತಿರುತ್ತದೆ, ಪಾಪ. ಆಗ ಮುಖದಲ್ಲಿ 'ಓಹೋ' ಅನ್ನುವ ಬೆಳಕು ಬರುತ್ತದೆ. ಎಲ್ಲರಿಗೂ ಅಲ್ಲ, ಬಹಳ ಜನಕ್ಕೆ.

ಇದೊಂದು ಅರ್ಥವಾದರೆ ಉಳಿದ ಹತ್ತು ಪ್ರಶ್ನೆಗೆ ಉತ್ತರ ನೀವೇ ಕಂಡುಕೊಳ್ಳಬಹುದು. ಊಟ ಆದಮೇಲೆ ನೆನಪಾಗಿ ಪುಡಿ ತಿನ್ನಿಸಿದರೆ ನಡೆಯುತ್ತಾ? ಊಟ ಮುಂದೆ ಹೋಗಿಯಾಯಿತು, ಹಿಂದಿನಿಂದ ಪುಡಿ ಓಡಿ ಹಿಡಿಯಬೇಕು. ಪೂರ್ತಿ ದಂಡ ಅನ್ನಲಾರೆ, ಆದರೆ ಕಲಸಿದಂತೆ ಆಗುವುದಿಲ್ಲ. ದಿನಕ್ಕೆ ಮೂರು ಸಲ ಊಟ, ಎರಡು ಸಲ ಪುಡಿ? ಹಾಗಾದರೆ ಒಂದು ಊಟ ಕಕ್ಕಕ್ಕೆ ಅಂತಲೇ ಹಾಕಿದಂತೆ. ಬಿಸಿ ಬಿಸಿ ಊಟಕ್ಕೆ ಕಲಸಬಹುದಾ? ಬೇಡ. ಎಂಜೈಮ್ ಪ್ರೋಟೀನು, ಬಿಸಿಗೆ ಕೆಡುತ್ತದೆ. ಒಬ್ಬ ಹೆಂಗಸು ಹಟ ಹಿಡಿದು ಮೂರನೇ ಬಟ್ಟಲನ್ನು ಕುದಿಯುವ ನೀರಿನಲ್ಲಿ ಕಲಸಿ, ಹಬೆಯಾಡುವಾಗಲೇ ಪುಡಿ ಹಾಕಿದರು. ಅರ್ಧ ಗಂಟೆ ಕಾದೆವು. ಚಮಚ ಅಲ್ಲಾಡಲಿಲ್ಲ. ಅವರೇ ನಕ್ಕು, "ಹದಿನೈದು ದಿನದಿಂದ ಹೀಗೇ ಹಾಕ್ತಿದ್ದೆ" ಅಂದರು.

ಇನ್ನೊಂದು ಪ್ರಶ್ನೆಗೆ ನನಗೆ ಸಿಟ್ಟೂ ಬರುತ್ತದೆ, ಮರುಕವೂ ಆಗುತ್ತದೆ: "ಈಗ ಹುಷಾರಾಗಿದ್ದಾನೆ, ಪುಡಿ ನಿಲ್ಲಿಸಬಹುದಾ?" ಹುಷಾರಾಗಿರುವುದು ಪುಡಿಯಿಂದ ಸ್ವಾಮಿ. ಗ್ರಂಥಿಯ ನೂರಕ್ಕೆ ಸುಮಾರು 90 ಭಾಗ ಶಕ್ತಿ ಹೋದಮೇಲೆಯೇ ಈ ಕಾಯಿಲೆಯ ಲಕ್ಷಣ ಕಾಣುವುದು. ಅಷ್ಟು ಹೋದದ್ದು ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಮಲ ಗಟ್ಟಿಯಾಗಿ, ತೂಕ ಸರಿಹೋಗಿ, ಒಂದಷ್ಟು ಕಾಲ ಹಾಗೇ ನಿಂತಮೇಲೆ ಅಳತೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡಬಹುದು. ಅದೂ ವೈದ್ಯರನ್ನು ಕೇಳಿ. ಪೂರ್ತಿ ಬಿಡುವಂತಿಲ್ಲ. ಜೀವನಪೂರ್ತಿ ಅಂದರೆ ಜೀವನಪೂರ್ತಿ.

ಬಿಸ್ಕತ್ತಿನ ವಿಷಯಕ್ಕೆ ಬರುತ್ತೇನೆ. ಜಗಳ ಅಲ್ಲೇ ಇರುವುದು. ಒಂದು ಜರ್ಮನ್ ಶೆಫರ್ಡ್ ಬಂದಿತ್ತು, ಎರಡು ವರ್ಷದ್ದು. ಈ ತಳಿಗೆ ಇಪಿಐ ಜಾಸ್ತಿ, ಅದೂ ಎಳೆ ವಯಸ್ಸಿನಲ್ಲೇ. ಬಂದಾಗ 19 ಕೆ.ಜಿ. ಪಕ್ಕೆಲುಬು ಎಣಿಸಬಹುದಿತ್ತು. ಇಡೀ ದಿನ ಹಸಿವು, ಕಸದ ಬುಟ್ಟಿ ಬಿಡುತ್ತಿರಲಿಲ್ಲ, ತನ್ನ ಕಕ್ಕವನ್ನೇ ತಿನ್ನುತ್ತಿತ್ತು. ಅದು ಕೆಟ್ಟ ಚಾಳಿಯಲ್ಲ. ಜೀರ್ಣವಾಗದ ಊಟವೇ ಅದರಲ್ಲಿ ಇರುತ್ತದಲ್ಲ, ಹಸಿದ ನಾಯಿಗೆ ಅದೂ ಊಟವೇ. ಅಕ್ಕಪಕ್ಕದವರು "ನಾಯಿಗೆ ಊಟ ಹಾಕಲ್ವಾ?" ಅಂತ ಕೇಳುತ್ತಿದ್ದರಂತೆ. ಮನೆಯಾಕೆ ಅದನ್ನು ಹೇಳುವಾಗ ಅತ್ತೇಬಿಟ್ಟರು.

ಪುಡಿ ಶುರುವಾದ ಎರಡನೇ ವಾರಕ್ಕೆ ಮಲ ರೂಪಕ್ಕೆ ಬಂತು. ಮೂರು ತಿಂಗಳಿಗೆ 27 ಕೆ.ಜಿ. ಆಮೇಲೆ ಇದ್ದಕ್ಕಿದ್ದಂತೆ ಇಳಿಯತೊಡಗಿತು. 25. ಇಪ್ಪತ್ತನಾಲ್ಕೂವರೆ. ಪುಡಿಯ ಡಬ್ಬಿ ಬದಲಾಯಿಸಿದೆವು, ಅಳತೆ ಹೆಚ್ಚಿಸಿದೆವು, ರಕ್ತ ಮತ್ತೆ ಪರೀಕ್ಷೆ ಮಾಡಿಸಿದೆವು. ಏನೂ ಸಿಗಲಿಲ್ಲ. ಕೊನೆಗೆ ಒಂದು ದಿನ ಮನೆಯ ಅಜ್ಜ ಜೊತೆಗೆ ಬಂದರು. ನಾಯಿ ಅವರ ಜುಬ್ಬಾದ ಬಲಗಡೆ ಜೇಬಿಗೆ ಮೂಗು ತೂರಿಸಿದ್ದು ತೆಗೆಯಲೇ ಇಲ್ಲ. ನಾನು ಜೇಬು ನೋಡಿದೆ, ಸೊಸೆಯೂ ಜೇಬು ನೋಡಿದರು, ಅಜ್ಜ ಸೀಲಿಂಗ್ ನೋಡಿದರು.

"ದಿನಕ್ಕೆ ಎಷ್ಟಜ್ಜಾ?"

"ಎಷ್ಟು ಅಂದ್ರೆ... ಎಂಟೋ ಹತ್ತೋ. ಸಣ್ಣದು ಕಣಮ್ಮ, ಇಷ್ಟೇ ಇಷ್ಟು."

ಪುಡಿಯಿಲ್ಲದ ಆ ತುಂಡುಗಳು ಒಳಗೆ ಹೋಗಿ ಜೀರ್ಣವಾಗದೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಹಬ್ಬವಾಗುತ್ತವೆ. ಹೊಟ್ಟೆ ಗುಡುಗುಡು, ಗ್ಯಾಸು, ಭೇದಿ. ಆಗ ಪುಡಿ ಹಾಕಿದ ಊಟವೂ ಸರಿಯಾಗಿ ದಕ್ಕದೆ ಹೋಗಬಹುದು. ಎಲ್ಲ ನಾಯಿಗೂ ಹೀಗೇ ಆಗುತ್ತದೆ ಅಂತ ನಾನು ಬರೆದುಕೊಡಲಾರೆ. ಒಂದು ಚೂರಿಗೆ ಏನೂ ಆಗದ ನಾಯಿಗಳೂ ಇವೆ. ಅರ್ಧ ಬಿಸ್ಕತ್ತಿಗೆ ಎರಡು ದಿನ ಭೇದಿ ಮಾಡಿಕೊಳ್ಳುವವೂ ಇವೆ. ನಿಮ್ಮದು ಯಾವ ಜಾತಿ ಅಂತ ಮೊದಲ ಮೂರು ತಿಂಗಳು ಪರೀಕ್ಷೆ ಮಾಡಲು ಹೋಗಬೇಡಿ ಅಷ್ಟೇ.

ಅಜ್ಜನಿಗೆ ಬರೀ 'ಕೊಡಬೇಡಿ' ಅಂದಿದ್ದರೆ ಅವರು ಕೊಡುತ್ತಿದ್ದರು, ಇನ್ನೂ ಗುಟ್ಟಾಗಿ. ಆ ನಾಯಿಗೂ ಅವರಿಗೂ ನಡುವೆ ಇದ್ದ ವ್ಯವಹಾರವೇ ಅದು. ಹಾಗಾಗಿ ಬೇರೆ ದಾರಿ ಮಾಡಿದೆವು. ಬೆಳಗಿನ ಊಟವನ್ನು ಪುಡಿ ಹಾಕಿ ಕಲಸಿದಮೇಲೆ ಅದರಲ್ಲೇ ಒಂದು ಪಾಲು ಪುಟ್ಟ ಡಬ್ಬಿಗೆ. ಆ ಡಬ್ಬಿ ಅಜ್ಜನದು. ನಾಯಿ ಊಟ ಮಾಡುವ ಹೊತ್ತಿಗೇ ಅವರು ಪಕ್ಕದಲ್ಲಿ ಕೂತು ಚಮಚದಲ್ಲಿ ತಿನ್ನಿಸುವುದು. ಜೇಬಿಗೆ ಹಾಕಿಕೊಳ್ಳಲು ಆಗುವುದಿಲ್ಲ ಅನ್ನುವುದು ಅವರ ಒಂದೇ ತಕರಾರು. ಎರಡು ತಿಂಗಳಲ್ಲಿ ನಾಯಿ 28 ದಾಟಿತು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಅಳತೆ ಸಾಮಾನ್ಯವಾಗಿ 10 ಕೆ.ಜಿ. ತೂಕಕ್ಕೆ ಒಂದು ಟೀ ಚಮಚದಂತೆ, ಪ್ರತಿ ಊಟಕ್ಕೂ. ಇದು ಶುರುವಿನ ಲೆಕ್ಕ. ಪುಡಿಯ ಶಕ್ತಿ ಡಬ್ಬಿಯಿಂದ ಡಬ್ಬಿಗೆ ಬೇರೆ, ಆದ್ದರಿಂದ ನಿಮ್ಮ ವೈದ್ಯರು ಹೇಳಿದ್ದೇ ಕೊನೆ. ಹೊಟ್ಟೆಯ ಆಮ್ಲದಲ್ಲಿ ಕರಗದಂತೆ ಲೇಪ ಹಚ್ಚಿದ ಮಾತ್ರೆಗಳಿಗಿಂತ ಪುಡಿಯೇ ನಾಯಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಲಸಿದಮೇಲೆ ಇಪ್ಪತ್ತು ನಿಮಿಷ ಬಿಡಲೇಬೇಕಾ ಅಂತ ಕೇಳುತ್ತಾರೆ. ಜೀರ್ಣದ ಮಟ್ಟಿಗೆ ಅದರಿಂದ ದೊಡ್ಡ ಲಾಭವಿಲ್ಲ. ಆದರೂ ನಾನು ಬಿಡಿ ಅನ್ನುತ್ತೇನೆ, ಒಣ ಪುಡಿ ತುಟಿಗೆ, ಒಸಡಿಗೆ ಅಂಟಿದರೆ ಅಲ್ಲೇ ಹುಣ್ಣು ಮಾಡುತ್ತದೆ ಅಂತ. ಅದಕ್ಕೆ ಊಟ ಯಾವುದು, ಬಾಯಿ ಯಾವುದು ಅನ್ನುವ ಭೇದವಿಲ್ಲ! ನಾಯಿಯ ಬಾಯಲ್ಲಿ ರಕ್ತ ಕಂಡರೆ ನೀರು ಜಾಸ್ತಿ ಹಾಕಿ ಕಲಸಿ, ವೈದ್ಯರಿಗೂ ಹೇಳಿ. ನೀವೂ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಕೊಡವಬೇಡಿ, ಆಸ್ತಮಾ ಇರುವವರಂತೂ ದೂರವೇ ಇರಿ.

ಬಿ12 ಮರೆಯಬೇಡಿ. ಪುಡಿ ಸರಿಯಾಗಿ ಹಾಕಿದರೂ ತೂಕ ಏರದಿದ್ದರೆ ನಾನು ಮೊದಲು ನೋಡುವುದು ಅದನ್ನೇ. ನಾಯಿಯಲ್ಲಿ ಬಿ12 ಕರುಳಿನಿಂದ ಒಳಗೆ ಸೇರಬೇಕಾದರೆ ಒಂದು ಪ್ರೋಟೀನಿನ ಸಹಾಯ ಬೇಕು, ಅದು ಹೆಚ್ಚಾಗಿ ತಯಾರಾಗುವುದು ಈ ಗ್ರಂಥಿಯಲ್ಲೇ. ಗ್ರಂಥಿ ಹೋದರೆ ಬಿ12 ಕೂಡ ಹೋಯಿತು. ಹೆಚ್ಚಿನ ಇಪಿಐ ನಾಯಿಗಳಲ್ಲಿ ಇದು ಕಡಿಮೆಯೇ ಇರುತ್ತದೆ. ವಾರಕ್ಕೊಂದು ಇಂಜೆಕ್ಷನ್ ಆರು ವಾರ, ಆಮೇಲೆ ತಿಂಗಳು ಬಿಟ್ಟು ಒಂದು, ಮತ್ತೆ ಪರೀಕ್ಷೆ ಅನ್ನುವುದು ರೂಢಿಯ ಕ್ರಮ. ಬಾಯಿಯಿಂದ ದಿನಾ ಕೊಡುವ ಮಾತ್ರೆಯೂ ನಡೆಯುತ್ತದೆ.

ಕೊಬ್ಬು ಪೂರ್ತಿ ನಿಲ್ಲಿಸಬೇಕು ಅಂತ ಎಲ್ಲಿಯೋ ಓದಿಕೊಂಡು ಬರುತ್ತಾರೆ. ಅವರು ಓದಿರುವುದು ಪ್ಯಾಂಕ್ರಿಯಾಟೈಟಿಸ್ ಬಗ್ಗೆ, ಅಂದರೆ ಗ್ರಂಥಿಯ ಉರಿಯೂತದ ಬಗ್ಗೆ. ಅದೂ ಇದೂ ಒಂದಲ್ಲ. ಉರಿಯೂತ ಹಳೆಯದಾಗಿ ಇಪಿಐಗೆ ತಿರುಗಿದ ನಾಯಿಗಳಲ್ಲಿ ಕೊಬ್ಬಿನ ಲೆಕ್ಕ ಬೇರೆ, ಅಲ್ಲಿ ಹುಷಾರಾಗಿರಬೇಕು. ಬರೀ ಇಪಿಐ ಆದರೆ ಒಣಗಿದ ನಾಯಿಯಿಂದ ಕೊಬ್ಬನ್ನೂ ಕಿತ್ತುಕೊಂಡರೆ ತೂಕ ಎಲ್ಲಿಂದ ಬರಬೇಕು? ನಾರು ಜಾಸ್ತಿ ಇರುವ ಆಹಾರ ಮಾತ್ರ ಬೇಡ, ಎಂಜೈಮ್ ಕೆಲಸಕ್ಕೆ ಅದು ಅಡ್ಡ.

ಬೇರೆಯವರ ತಪ್ಪನ್ನೇ ಹೇಳಿದೆ ಅಂತಾಗಬಾರದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಒಂದು ನಾಯಿಗೆ ನಾನು ಎರಡು ತಿಂಗಳು ಜಂತುಹುಳದ ಮಾತ್ರೆ, ಭೇದಿಯ ಔಷಧಿ ಅಂತ ಕಾಲ ಕಳೆದಿದ್ದೇನೆ. ರಕ್ತದಲ್ಲಿ ಅಮೈಲೇಸ್, ಲೈಪೇಸ್ ಅನ್ನುವ ಎಂಜೈಮ್‌ಗಳು ಸರಿ ಇವೆ, ಹಾಗಾಗಿ ಗ್ರಂಥಿಯೂ ಸರಿ ಇದೆ ಅಂದುಕೊಂಡಿದ್ದೆ. ಆ ಎರಡು ಅಂಕಿ ನೋಡಿ ಇಪಿಐ ಇಲ್ಲ ಅನ್ನುವಂತಿಲ್ಲ. ಬೇಕಾದದ್ದು ಟಿಎಲ್ಐ ಪರೀಕ್ಷೆ (ಗ್ರಂಥಿಯಿಂದಲೇ ರಕ್ತಕ್ಕೆ ಸೇರುವ ಟ್ರಿಪ್ಸಿನ್ ಥರದ ಎಂಜೈಮ್ ಎಷ್ಟಿದೆ ಅಂತ ಅಳೆಯುವುದು), ಊಟ ಹಾಕದೆ 8ರಿಂದ 12 ಗಂಟೆ ಬಿಟ್ಟು ತೆಗೆದ ರಕ್ತದಲ್ಲಿ. ಲೀಟರಿಗೆ 2.5 ಮೈಕ್ರೋಗ್ರಾಂಗಿಂತ ಕೆಳಗೆ ಬಂದರೆ ಇಪಿಐ. ಅದಕ್ಕಿಂತ ಸ್ವಲ್ಪ ಮೇಲೆ, ಆದರೂ ಮಾಮೂಲಿಗಿಂತ ಕಡಿಮೆ ಇದ್ದರೆ ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಈಗಾಗಲೇ ಪುಡಿ ಶುರು ಮಾಡಿದ್ದರೂ ಈ ಪರೀಕ್ಷೆ ಮಾಡಿಸಬಹುದು. ಪುಡಿ ರಕ್ತಕ್ಕೆ ಹೋಗುವುದಿಲ್ಲ ಅಂದೆನಲ್ಲ.

ಊರಿಗೆ ಹೋಗುವಾಗ ನಾಯಿಯನ್ನು ಯಾರ ಮನೆಯಲ್ಲಾದರೂ ಬಿಡುವುದಿದ್ದರೆ ಪುಡಿಯ ಡಬ್ಬಿ ಮಾತ್ರ ಕೊಟ್ಟು ಬರಬೇಡಿ, ಅಳತೆಯ ಚಮಚವನ್ನೂ ಕೊಡಿ. ಒಬ್ಬರು ಮರೆತು ಹೋಗಿದ್ದರು. ನೋಡಿಕೊಳ್ಳುತ್ತಿದ್ದ ಹುಡುಗ ಮಧ್ಯಾಹ್ನ ಫೋನ್ ಮಾಡಿ, "ಒಂದು ಚಮಚ ಅಂದ್ರೆ ಸಕ್ಕರೆ ಚಮಚಾನಾ, ಸಾರಿನ ಚಮಚಾನಾ ಮೇಡಂ?" ಅಂದ. ಪುಣ್ಯಕ್ಕೆ ಹಾಕುವ ಮೊದಲು ಕೇಳಿದ್ದ.