ದತ್ತ, ಸಾಧನೀಯ ಮತ್ತು ದೇವರು

ಪ್ರೌಢಶಾಲೆಯಲ್ಲಿ ರೇಖಾಗಣಿತದ ಪ್ರಮೇಯಗಳನ್ನು ಬರೆದವರಿಗೆ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ತಲೆಬರಹಗಳು ಇಂದಿಗೂ ನೆನಪಿರುತ್ತವೆ. ದತ್ತ ಎಂದರೆ ಒಪ್ಪಿಕೊಂಡು ಹೊರಡುವ ಮಾತು, ಸಾಧನೀಯ ಎಂದರೆ ತೋರಿಸಬೇಕಾದದ್ದು, ಸಾಧನೆ ಎಂದರೆ ಅಲ್ಲಿಂದ ಇಲ್ಲಿಗೆ ಮುಟ್ಟಿಸುವ ಹಂತಗಳು. ಹಾಸನದ ಪದವಿ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಹೇಳಿಕೊಡುತ್ತಿರುವ ನಾನು, ವಿದ್ಯಾರ್ಥಿಗಳು ಸಾಧನೆಯ ಹಂತಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ದತ್ತದ ಸಾಲನ್ನು ಮಾತ್ರ ಅವಸರದಲ್ಲಿ ಗೀಚಿ ಮುಂದೆ ಹೋಗುವುದನ್ನು ಪ್ರತಿ ಪರೀಕ್ಷೆಯಲ್ಲೂ ನೋಡುತ್ತೇನೆ. ದೇವರ ಅಸ್ತಿತ್ವವನ್ನು ಗಣಿತ ಸಾಧಿಸಿದೆಯೇ ಎಂಬ ಚರ್ಚೆಯಲ್ಲಿ ದೊಡ್ಡವರೂ ಮಾಡುವ ತಪ್ಪು ಇದೇ ಎಂದು ನನಗೆ ಅನ್ನಿಸುತ್ತದೆ.

ಮಾರ್ಚ್ ತಿಂಗಳ ಒಂದು ದಿನ, ತರಗತಿ ಮುಗಿದ ಮೇಲೆ ಸಕಲೇಶಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಮೇಜಿನ ಬಳಿ ಬಂದು ನಿಂತಳು. "ಮೇಡಂ, ದೇವರಿದ್ದಾನೆ ಅಂತ ಕಂಪ್ಯೂಟರ್ ಸಾಬೀತು ಮಾಡಿದೆಯಂತೆ. ಅಪ್ಪನ ಮೊಬೈಲಿಗೆ ಬಂದಿದೆ. ನಿಜವಾ ಅಂತ ನಿಮ್ಮನ್ನ ಕೇಳಿಕೊಂಡು ಬಾ ಅಂದರು" ಎಂದಳು. ಅವರದು ಸಣ್ಣ ಕಾಫಿ ತೋಟ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗಾಗಿ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳವು. ಆ ಸುದ್ದಿ ಪೂರ್ತಿ ಸುಳ್ಳಲ್ಲವಾದ್ದರಿಂದ ಎರಡು ಮಾತಿನಲ್ಲಿ ಉತ್ತರಿಸಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

2013ರಲ್ಲಿ ಕ್ರಿಸ್ಟೋಫ್ ಬೆನ್ಜ್‌ಮ್ಯುಲ್ಲರ್ ಮತ್ತು ಬ್ರೂನೋ ವೋಲ್ಟ್ಸೆನ್‌ಲೋಗೆಲ್ ಪಾಲಿಯೊ ಎಂಬ ಇಬ್ಬರು ಸಂಶೋಧಕರು ಕಂಪ್ಯೂಟರಿನಿಂದ ಒಂದು ಸಾಧನೆಯನ್ನು ಪರಿಶೀಲಿಸಿದ್ದು ನಿಜ. ಆ ಸಾಧನೆ ಕಂಪ್ಯೂಟರಿನದಲ್ಲ, 20ನೆಯ ಶತಮಾನದ ಅತಿ ದೊಡ್ಡ ತರ್ಕಶಾಸ್ತ್ರಜ್ಞನಾದ ಕುರ್ಟ್ ಗೋಡೆಲ್‌ನದು. ಅವನ ಟಿಪ್ಪಣಿಯ ಮೇಲಿರುವ ದಿನಾಂಕ 1970ರ ಫೆಬ್ರವರಿ 10. ಅದನ್ನು ಅವನು ಡೇನಾ ಸ್ಕಾಟ್ ಎಂಬ ಕಿರಿಯ ತರ್ಕಶಾಸ್ತ್ರಜ್ಞನಿಗೆ ತೋರಿಸಿದನೇ ಹೊರತು, 1978ರಲ್ಲಿ ತೀರಿಕೊಳ್ಳುವವರೆಗೂ ಪ್ರಕಟಿಸಲಿಲ್ಲ. ತಾನು ಮಾಡಿದ್ದು ತರ್ಕದ ಪರಿಶೀಲನೆ, ಅದನ್ನು ಜನ ತನ್ನ ನಂಬಿಕೆಯ ಘೋಷಣೆಯೆಂದು ತಿಳಿದುಕೊಂಡಾರು ಎಂಬ ಅಳುಕು ಅವನಿಗಿತ್ತೆಂದು ಅವನ ಗೆಳೆಯ, ಅರ್ಥಶಾಸ್ತ್ರಜ್ಞ ಮಾರ್ಗನ್‌ಸ್ಟರ್ನ್ ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಆ ಅಳುಕು ಎಷ್ಟು ಸರಿಯಾಗಿತ್ತೆಂಬುದಕ್ಕೆ ಸಕಲೇಶಪುರದ ತೋಟದ ಮನೆಯವರೆಗೂ ಬಂದು ಮುಟ್ಟಿದ ಆ ಸಂದೇಶವೇ ಸಾಕ್ಷಿ.

ಮಾರನೆಯ ದಿನ ನಾನು ಆ ಸಾಧನೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಗೋಡೆಲ್ 'ಸದ್ಗುಣ' ಎಂಬ ಒಂದು ಮಾತನ್ನು ವ್ಯಾಖ್ಯೆಯಿಲ್ಲದೆ ತೆಗೆದುಕೊಂಡು, ಅದರ ಬಗ್ಗೆ ಕೆಲವು ಸ್ವಯಂಸಿದ್ಧಗಳನ್ನು, ಅಂದರೆ ಸಾಧನೆಯಿಲ್ಲದೆ ಒಪ್ಪಿಕೊಳ್ಳುವ ಮಾತುಗಳನ್ನು, ಇಡುತ್ತಾನೆ. ಇವೇ ಇಲ್ಲಿನ ದತ್ತ. ಯಾವುದೇ ಗುಣವನ್ನು ತೆಗೆದುಕೊಂಡರೂ ಒಂದೋ ಅದು ಸದ್ಗುಣ, ಇಲ್ಲವೇ ಅದರ ನಿಷೇಧ ಸದ್ಗುಣ, ಎರಡೂ ಏಕಕಾಲಕ್ಕೆ ಆಗಲಾರವು. ಸದ್ಗುಣವೊಂದರಿಂದ ಅನಿವಾರ್ಯವಾಗಿ ಹೊರಡುವ ಗುಣವೂ ಸದ್ಗುಣವೇ. ಇವೆರಡರಿಂದಲೇ, ಯಾವುದೇ ಒಂದು ಸದ್ಗುಣವನ್ನು ತೆಗೆದುಕೊಂಡರೂ ಅದನ್ನು ಹೊಂದಿರುವ ವಸ್ತು ಇರುವುದು ಸಂಭವ ಎಂಬ ಪ್ರಮೇಯ ಬರುತ್ತದೆ. ಎಲ್ಲ ಸದ್ಗುಣಗಳನ್ನೂ ಹೊಂದಿರುವುದೇ ದೈವತ್ವ ಎಂಬುದು ವ್ಯಾಖ್ಯೆ, ದೈವತ್ವವೂ ಒಂದು ಸದ್ಗುಣ ಎಂಬುದು ಇನ್ನೊಂದು ಸ್ವಯಂಸಿದ್ಧ, ಆದ್ದರಿಂದ ದೇವರು ಇರುವುದು ಸಂಭವ. ಸದ್ಗುಣವಾದದ್ದು ಅನಿವಾರ್ಯವಾಗಿಯೇ ಸದ್ಗುಣ, ಅನಿವಾರ್ಯವಾಗಿ ಇರುವುದು ಕೂಡ ಒಂದು ಸದ್ಗುಣ ಎಂದು ಮತ್ತೆರಡನ್ನು ಸೇರಿಸಿದರೆ, ಸಂಭವ ಎಂಬುದು ಅನಿವಾರ್ಯ ಎಂದಾಗಿ ಸಾಧನೆ ಮುಗಿಯುತ್ತದೆ.

ಕಂಪ್ಯೂಟರ್ ಹೇಳಿದ್ದು ಇಷ್ಟೇ: ಈ ದತ್ತವನ್ನು ಒಪ್ಪಿದರೆ ಈ ಸಾಧನೀಯವನ್ನು ಒಪ್ಪಲೇಬೇಕು, ನಡುವೆ ಹಂತ ತಪ್ಪಿಲ್ಲ. ಅದೂ ಸ್ಕಾಟ್ ತಿದ್ದಿದ ರೂಪಕ್ಕೆ ಹೇಳಿದ ಮಾತು. ಗೋಡೆಲ್‌ನ ಟಿಪ್ಪಣಿಯಲ್ಲಿದ್ದ ಒಂದು ವ್ಯಾಖ್ಯೆಯನ್ನು ಇದ್ದಂತೆಯೇ ತೆಗೆದುಕೊಂಡರೆ ಸ್ವಯಂಸಿದ್ಧಗಳೇ ಪರಸ್ಪರ ವಿರೋಧಕ್ಕೆ ಬೀಳುತ್ತವೆ ಎಂಬುದನ್ನೂ ಅದೇ ಕಂಪ್ಯೂಟರ್ ಪರಿಶೀಲನೆ ಪತ್ತೆ ಮಾಡಿತು. ದತ್ತ ಲೋಕದಲ್ಲಿ ನಿಜವೇ ಎಂಬುದು ಯಂತ್ರದ ಮುಂದೆ ಇದ್ದ ಪ್ರಶ್ನೆಯೇ ಅಲ್ಲ.

ದತ್ತದ ಮೇಲೆ ಕಣ್ಣಿಡುವ ಈ ಅಭ್ಯಾಸ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಹಾಸನದಿಂದ ಸುಮಾರು 40 ಕಿಲೋಮೀಟರ್ ದೂರದ ಬೇಲೂರಿನ ಶಾಸನವೊಂದರಲ್ಲಿ ಕೇಶವನನ್ನು ಶೈವರು ಶಿವನೆಂದೂ ವೇದಾಂತಿಗಳು ಬ್ರಹ್ಮವೆಂದೂ ಉಪಾಸಿಸುತ್ತಾರೆ ಎಂದು ಹೇಳುವ ಪ್ರಸಿದ್ಧ ಶ್ಲೋಕವಿದೆ. ಸರ್ವಧರ್ಮ ಸಮನ್ವಯಕ್ಕಾಗಿ ಅದನ್ನು ಉದಾಹರಿಸುವವರು ಬಹಳ. ಗಣಿತದವಳಾದ ನನ್ನ ಕಣ್ಣು ಮಾತ್ರ ಅದರ 'ಕರ್ತೇತಿ ನೈಯಾಯಿಕಾಃ' ಎಂಬ ತುಣುಕಿನ ಮೇಲೆಯೇ ನಿಲ್ಲುತ್ತದೆ. ತರ್ಕವನ್ನು ನೆಚ್ಚಿದ ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಅವನನ್ನು ಕರ್ತೃ ಎನ್ನುತ್ತಾರೆಂದು ಅದರ ಅರ್ಥ. ಮಡಕೆಯೊಂದು ಕಾರ್ಯ, ಅದಕ್ಕೆ ಕುಂಬಾರನೆಂಬ ಕರ್ತೃವಿದ್ದಾನೆ, ಜಗತ್ತೂ ಕಾರ್ಯ, ಆದ್ದರಿಂದ ಅದಕ್ಕೂ ಕರ್ತೃವಿರಬೇಕು ಎಂಬುದು ನೈಯಾಯಿಕರ ವಾದ. ಅದೇ ಶ್ಲೋಕದಲ್ಲಿ ಹೆಸರಿರುವ ಜೈನರು ಮತ್ತು ವೇದೋಕ್ತ ಕರ್ಮವನ್ನೇ ಮುಖ್ಯವೆನ್ನುವ ಮೀಮಾಂಸಕರು ಕಾರ್ಯಕ್ಕೆ ಕಾರಣ ಬೇಕೆಂಬುದನ್ನು ಅಲ್ಲಗಳೆಯಲಿಲ್ಲ. ಇಡೀ ಜಗತ್ತು ಒಂದು ದಿನ ಹುಟ್ಟಿದ ಕಾರ್ಯ ಎಂಬ ದತ್ತವನ್ನೇ ಅವರು ಒಪ್ಪಲಿಲ್ಲ. ಬೇಲೂರಿನ ಮದನಿಕೆಯೊಂದರ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರು ಕೆತ್ತಿರುವುದನ್ನು ಓದಿ ಅವಳನ್ನು ಕಡೆದವನು ಯಾರೆಂದು ನಾವು ಹೇಳಬಹುದು. ಆ ಕಲ್ಲು ಸಿಕ್ಕಿದ ಬೆಟ್ಟದ ಬಗ್ಗೆಯೂ ಅದೇ ಧೈರ್ಯದಿಂದ ಹೇಳಬಹುದೇ ಎಂಬುದು ಅವರ ಆಕ್ಷೇಪಣೆಯ ತಿರುಳು.

ಅನಂತದ ವಿಷಯದಲ್ಲಿ ದತ್ತಕ್ಕೂ ಸಾಧನೆಗೂ ಇರುವ ಈ ಭೇದ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಅದಕ್ಕೂ ನಮ್ಮ ಜಿಲ್ಲೆಯಿಂದ ಹೊರಗೆ ಹೋಗಬೇಕಾಗಿಲ್ಲ. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ, 10ನೆಯ ಶತಮಾನದಲ್ಲಿ, ತನಗೆ ಪರಂಪರೆಯಿಂದ ಬಂದ ಒಂದು ಲೆಕ್ಕವನ್ನು ವಿವರಿಸುತ್ತಾನೆ. ಒಂದು ಲಕ್ಷ ಯೋಜನ ಅಗಲ, ಸಾವಿರ ಯೋಜನ ಆಳದ ಗುಂಡಿಯನ್ನು ಸಾಸಿವೆಯಿಂದ ತುಂಬಿ, ಒಂದೊಂದೇ ಕಾಳನ್ನು ಒಂದರ ಹೊರಗೆ ಒಂದು ಬಳಸಿಕೊಂಡಿರುವ ದ್ವೀಪ ಸಮುದ್ರಗಳ ಮೇಲೆ ಹಾಕುತ್ತ ಹೋಗಬೇಕು. ಕಾಳು ಮುಗಿದ ಜಾಗದಷ್ಟು ಅಗಲದ ಹೊಸ ಗುಂಡಿ ತೋಡಿ ಮತ್ತೆ ತುಂಬಬೇಕು. ಹೀಗೆ ಮುಂದುವರಿದು ಮುಟ್ಟುವ ಸಂಖ್ಯೆಯಿಂದ 'ಅಸಂಖ್ಯಾತ' ಆರಂಭವಾಗುತ್ತದೆ, 'ಅನಂತ' ಅದರಿಂದಲೂ ಆಚೆ. ಸಂಖ್ಯಾತದಲ್ಲಿ 3, ಅಸಂಖ್ಯಾತದಲ್ಲಿ 9, ಅನಂತದಲ್ಲಿ 9, ಒಟ್ಟು 21 ವರ್ಗಗಳು. ಮುಷ್ಟಿ ಸಾಸಿವೆಯನ್ನು ಮೇಜಿನ ಮೇಲೆ ಸುರಿದು ಈ ಪಾಠ ಹೇಳಿದ ದಿನ ಕೊನೆಯ ಬೆಂಚಿನ ಹುಡುಗರೂ ಎದ್ದು ಬಂದು ಸುತ್ತ ನಿಂತಿದ್ದರು. ಅನಂತವನ್ನು ಇಷ್ಟು ಶ್ರದ್ಧೆಯಿಂದ ವಿಂಗಡಿಸಿದ ಈ ಜನ ಸೃಷ್ಟಿಕರ್ತನನ್ನು ಒಪ್ಪಿದವರಲ್ಲ. 19ನೆಯ ಶತಮಾನದ ಕೊನೆಯಲ್ಲಿ, ಅನಂತಗಳಲ್ಲೂ ಚಿಕ್ಕದು ದೊಡ್ಡದು ಉಂಟೆಂದು ಸಾಧಿಸಿದ ಗೇಯಾರ್ಗ್ ಕ್ಯಾಂಟರ್ ಮಾತ್ರ ಎಲ್ಲ ಅನಂತಗಳಿಗೂ ಆಚೆಗಿನ ಪರಮ ಅನಂತ ದೇವರೇ ಎಂದು ದೃಢವಾಗಿ ನಂಬಿ, ಆ ಬಗ್ಗೆ ಕ್ಯಾಥೊಲಿಕ್ ಕಾರ್ಡಿನಲ್ ಒಬ್ಬರೊಡನೆ ಪತ್ರ ವ್ಯವಹಾರವನ್ನೂ ನಡೆಸಿದ್ದನು. ಅನಂತದ ಗಣಿತ ಇಬ್ಬರನ್ನೂ ತಡೆಯಲಿಲ್ಲ, ಯಾರ ಪರವಾಗಿಯೂ ತೀರ್ಪು ಕೊಡಲಿಲ್ಲ.

ಗಣಿತಜ್ಞ ರಾಮಾನುಜನ್ ಮತ್ತು ತಮಗೆ ಸೂತ್ರಗಳನ್ನು ಹೊಳೆಯಿಸುತ್ತಾಳೆಂದು ಅವರು ನಂಬಿದ್ದ ನಾಮಗಿರಿ ದೇವಿಯ ಹೆಸರನ್ನು ಈ ಚರ್ಚೆಯಲ್ಲಿ ಯಾರಾದರೂ ಎತ್ತದೆ ಇರುವುದಿಲ್ಲ. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ 1918ರಲ್ಲಿ ಸಂಖ್ಯಾವಿಭಜನೆಯ, ಅಂದರೆ ಒಂದು ಸಂಖ್ಯೆಯನ್ನು ಎಷ್ಟು ಬಗೆಯ ಮೊತ್ತವಾಗಿ ಬರೆಯಬಹುದೆಂಬುದರ, ಸೂತ್ರವನ್ನು ಅವರೊಡನೆ ಸೇರಿ ಪ್ರಕಟಿಸಿದ ಇಂಗ್ಲಿಷ್ ಗಣಿತಜ್ಞ ಹಾರ್ಡಿ ದೇವರನ್ನು ನಂಬುತ್ತಿರಲಿಲ್ಲ, ಮತ್ತು ಆ ಸಾಧನೆಯನ್ನು ಓದಿ ಯಾವ ಹಂತ ಭಕ್ತನದು, ಯಾವುದು ನಾಸ್ತಿಕನದು ಎಂದು ಯಾರೂ ಬೇರ್ಪಡಿಸಲಾರರು.

ಗೋಡೆಲ್‌ನ ದತ್ತಕ್ಕೆ ಮರಳುತ್ತೇನೆ, ಏಕೆಂದರೆ ಅದನ್ನು ಒಪ್ಪುವವರು ತೆರಬೇಕಾದ ಬೆಲೆಯನ್ನು ಮೊಬೈಲಿನ ಸಂದೇಶಗಳು ಹೇಳುವುದಿಲ್ಲ. 1987ರಲ್ಲಿ ಜೋರ್ಡನ್ ಹೋವರ್ಡ್ ಸೋಬೆಲ್ ಎಂಬ ತತ್ತ್ವಜ್ಞಾನಿ, ಅದೇ ಸ್ವಯಂಸಿದ್ಧಗಳಿಂದ ಇನ್ನೊಂದು ಪ್ರಮೇಯವೂ ಹೊರಡುತ್ತದೆಂದು ತೋರಿಸಿದರು: ನಿಜವಾಗಿರುವುದೆಲ್ಲವೂ ಅನಿವಾರ್ಯವಾಗಿಯೇ ನಿಜ. ಕಂಪ್ಯೂಟರ್ ಪರಿಶೀಲನೆ ಇದನ್ನೂ ಖಚಿತಪಡಿಸಿದೆ. ಈ ವರ್ಷ ಹೂಮಳೆ ಬಾರದೆ ಹೋದರೆ, ಅದು ಬರುವುದು ಯಾವ ರೀತಿಯಲ್ಲೂ ಸಂಭವವೇ ಇರಲಿಲ್ಲ ಎಂದು ಒಪ್ಪಬೇಕು. ಬಂದರೆ, ಬಾರದಿರುವುದು ಸಂಭವವಿರಲಿಲ್ಲ. ಬೇರೆ ರೀತಿ ಆಗಬಹುದಾಗಿದ್ದದ್ದು ಯಾವುದೂ ಇಲ್ಲದ ಅಂಥ ಲೋಕದಲ್ಲಿ ಹರಕೆಗೂ ಕರುಣೆಗೂ ಎಡೆಯೆಲ್ಲಿ ಎಂಬುದು ನನ್ನನ್ನು ನಿಜವಾಗಿಯೂ ಕಾಡುವ ಪ್ರಶ್ನೆ. ದೇವರನ್ನು ಸಾಧಿಸಲು ಹೋಗಿ, ಜನ ಕೈ ಮುಗಿಯುವ ದೇವರನ್ನೇ ಕಳೆದುಕೊಳ್ಳುವ ಸಾಧನೆಯನ್ನು ಭಕ್ತರು ಇಷ್ಟು ಉತ್ಸಾಹದಿಂದ ಹಂಚಿಕೊಳ್ಳುವುದನ್ನು ಕಂಡು ನನಗೆ ದುಃಖವಾಗುತ್ತದೆ. ಇದನ್ನು ಆ ವಿದ್ಯಾರ್ಥಿನಿ ಮನೆಯಲ್ಲಿ ಹೇಳಿದಳಂತೆ. "ಹಾಗಾದರೆ ಮಳೆ ಕೊಡು ಅಂತ ಬೇಡೋದು ಯಾರನ್ನ ಅಂತ ಕೇಳಿದರು ಅಪ್ಪ" ಎಂದು ಬಂದು ವರದಿ ಒಪ್ಪಿಸಿದಳು.

ಆ ವಾರ ನಾನು ತರಗತಿಗೆ ಒಂದು ಕೆಲಸ ಕೊಟ್ಟೆ. ಸಾಧನೆಯ ಹಂತಗಳನ್ನು ಬಿಟ್ಟು, ದತ್ತದಲ್ಲಿ ತಮಗೆ ಒಪ್ಪಿಗೆಯಾಗದ ಸಾಲು ಯಾವುದು, ಏಕೆ ಎಂಬುದನ್ನು ಮಾತ್ರ ಬರೆದು ತರಬೇಕಿತ್ತು. ಬಹಳ ಜನ ಕೊನೆಯ ಸ್ವಯಂಸಿದ್ಧಕ್ಕೇ ಗುರುತು ಹಾಕಿದ್ದರು. ಇರುವುದು ಗುಣ ಹೇಗಾದೀತು ಎಂದು ಕೇಳಿದ್ದವರಿಗೆ, ಕಾಂಟ್ ಎಂಬ ತತ್ತ್ವಜ್ಞಾನಿಯೂ 1781ರಲ್ಲಿ ಇಂಥ ವಾದಗಳ ವಿರುದ್ಧ ಇದನ್ನೇ ಎತ್ತಿದ್ದನೆಂದು ತಿಳಿಸಿದೆ. ಸಕಲೇಶಪುರದ ಹುಡುಗಿ ಮಾತ್ರ ಮೊದಲನೆಯದಕ್ಕೆ ಗೆರೆ ಎಳೆದಿದ್ದಳು. "ಎತ್ತರವಾಗಿರುವುದು ಸದ್ಗುಣವಲ್ಲ, ಎತ್ತರವಾಗಿಲ್ಲದಿರುವುದೂ ಸದ್ಗುಣವಲ್ಲ. ಎರಡರಲ್ಲಿ ಒಂದು ಸದ್ಗುಣ ಆಗಲೇಬೇಕು ಎಂದು ಏಕೆ ಒಪ್ಪಬೇಕು?" ಎಂದು ಕೆಳಗೆ ಬರೆದಿದ್ದಳು.

1990ರಲ್ಲಿ ಆಂಥೊನಿ ಆಂಡರ್ಸನ್ ಎಂಬ ತತ್ತ್ವಜ್ಞಾನಿ ಸಡಿಲಿಸಿದ್ದು ಇದೇ ಸಾಲನ್ನು. ಗುಣವೂ ಅದರ ನಿಷೇಧವೂ ಎರಡೂ ಸದ್ಗುಣವಾಗಲಾರವು ಎಂಬ ಅರ್ಧವನ್ನು ಉಳಿಸಿಕೊಂಡು ಇನ್ನರ್ಧವನ್ನು ಕೈಬಿಟ್ಟು, ದೈವತ್ವದ ವ್ಯಾಖ್ಯೆಯನ್ನೂ ತಿದ್ದಿದಾಗ, ಎಲ್ಲವೂ ಅನಿವಾರ್ಯ ಎಂಬ ಸೋಬೆಲ್‌ರ ಪ್ರಮೇಯ ಹೊರಡುವುದಿಲ್ಲ. ಇದನ್ನು ಹೇಳಿದ ಕೂಡಲೇ ಅವಳು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಹತ್ತಿರ ಹೋದಳು. ಮೊದಲ ಸಾಲಿನ ಅರ್ಧವನ್ನು ಅಂಗೈಯಿಂದ ಒರೆಸಿ, ಉಳಿದ ಹಂತಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಒಂದೊಂದಾಗಿ ನೋಡುತ್ತ, ಹೊಸ ದತ್ತವನ್ನು ಬರೆಯತೊಡಗಿದಳು.