ಒಂದೇ ಪಾರ್ಕಿಂಗ್ ಅದ, ಪದ್ಮಿನಿ ತಗೊಳ್ಲೋ ಸಿಯೆರಾ ತಗೊಳ್ಲೋ?

ಪುಣೆ ಚಿಂಚವಡದಿಂದ ಒಬ್ರು ಕೇಳ್ಯಾರ, "ಸರ್, ಹಳೇ ಪ್ರೀಮಿಯರ್ ಪದ್ಮಿನಿ ಒಂದು, ಹಳೇ ಟಾಟಾ ಸಿಯೆರಾ ಒಂದು ನೋಡಿಟ್ಟೀನಿ, ಸೊಸೈಟಿ ಒಳಗ ಒಂದೇ ಗಾಡಿಗೆ ಜಾಗ, ಯಾವ್ದು ಛಲೋ?"

ನೋಡ್ರಿ, ಎಂಜಿನ್ ನೋಡಿ ಡಿಸೈಡ್ ಮಾಡಬ್ಯಾಡ್ರಿ. ಯಾವ ಪಾರ್ಟ್ ಹೋದ್ರ ಮತ್ತ ಸಿಗಂಗಿಲ್ಲ ಅನ್ನೋದು ಮೊದಲು ನೋಡ್ರಿ.

ಸಿಯೆರಾ ಬಂದದ್ದು 1991ಕ್ಕ, ನಿಮ್ಮ ಪುಣೆದಾಗ ತಯಾರಾದ ಗಾಡಿನೇ. 1948 ಸಿಸಿ ಡೀಸೆಲ್, ಪವರ್ ವಿಂಡೋ, ಎಸಿ, ಆ ಕಾಲಕ್ಕ ದೊಡ್ಡ ಥಾಟು. ಎಂಜಿನ್ ಚಿಂತಿ ಇಲ್ಲ, ಹಳೇ ಸುಮೋಕ್ಕ ಹಾಕ್ತಿದ್ದದ್ದೂ ಅದೇ, ನಾನಾ ಪೇಠದಾಗ ಅಡ್ಡಾಡಿದ್ರ ಸಾಮಾನು ಸಿಗ್ತದ. ಖರೇ ತಲಿನೋವು ಹಿಂದಿನ ಸೀಟಿನ ಎರಡೂ ಬಾಜೂಕ ಇರೋ ಆ ದೊಡ್ಡ ಗ್ಲಾಸು, ಮ್ಯಾಲ ಛತ್ತಿನ ಕಡೆ ಬಾಗಿದ್ದು, ಅದು ಬ್ಯಾರೆ ಯಾವ ಗಾಡಿಗೂ ಇಲ್ಲ, ಒಡೀತಂದ್ರ ಇನ್ನೊಂದು ಸಿಯೆರಾ ಗುಜರಿಗೆ ಬರೋತನಕ ಕಾಯಬೇಕು. ಅದು ತೆಗೆಯಾಕೂ ಬರಂಗಿಲ್ಲ, ಹಂಗಾಗಿ ಎಸಿ ಕೆಟ್ಟಿದ್ರ ಮೇ ತಿಂಗಳದಾಗ ಹಿಂದ ಕೂತವರು ಬೆಂದು ಹೋಗ್ತಾರ. ಹಿಂದ ಕೂಡೋರಿಗೆ ಬ್ಯಾರೆ ಬಾಗಿಲೂ ಇಲ್ಲ, ಮುಂದಿನ ಸೀಟ್ ಮಡಚಿ ಅಜ್ಜಿನ್ನ ಹತ್ತಿಸಬೇಕು, ಅದನ್ನೂ ಲೆಕ್ಕ ಹಿಡೀರಿ.

ಪದ್ಮಿನಿ ಅದಕ್ಕಿಂತ ಒಂದು ತಲಿಮಾರು ಹಳೇದು. ಕುರ್ಲಾದಾಗ 1964ರಿಂದ ಫಿಯೆಟ್ 1100 ಅಂತ ತಯಾರಾಗ್ತಿತ್ತು, ಪದ್ಮಿನಿ ಅನ್ನೋ ಹೆಸರು ಆಮ್ಯಾಲ ಬಂತು. 1089 ಸಿಸಿ ಪೆಟ್ರೋಲ್, ಸುಮಾರು 40 ಎಚ್‌ಪಿ, ಸ್ಟೇರಿಂಗ್ ಬಾಜೂಕ ಗೇರ್, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಅಂದ್ರ ಎಕ್ಸ್‌ಪ್ರೆಸ್‌ವೇ ಮ್ಯಾಲ ಮುಂದಿನವ ಗಪ್ಪನ ಬ್ರೇಕ್ ಹಾಕಿದ್ರ ದೇವ್ರೇ ಗತಿ. ಆದ್ರ ಬಿಚ್ಚಿ ಜೋಡಸೋದು ಸಸಾರ, ಇಗ್ನಿಷನ್ ಪಾಯಿಂಟ್ ಉಜ್ಜಿ, ಪೆಟ್ರೋಲ್ ಗಾಳಿ ಬೆರಸೋ ಕಾರ್ಬೊರೇಟರ್ ತೊಳದ್ರ ಅರ್ಧ ರೋಗ ಹೋಗ್ತಾವ. ಮುಂಬೈ ಟ್ಯಾಕ್ಸಿ ಪುಣ್ಯದಿಂದ ಇದರ ಮಿಸ್ತ್ರಿಗಳು ಇನ್ನೂ ಅದಾರ, ಕೊನೇ ಪದ್ಮಿನಿ ಟ್ಯಾಕ್ಸಿ ರೋಡ್ ಬಿಟ್ಟದ್ದು 2023ರ ಅಕ್ಟೋಬರ್‌ನಾಗಷ್ಟೇ. ಫ್ಲೋರ್ ಮ್ಯಾಟ್ ಎತ್ತಿ ತಳದಾಗ ತುಕ್ಕು ನೋಡ್ರಿ, ಮತ್ತ ಪೆಟ್ರೋಲ್ ಪೈಪ್, ಗ್ಯಾಸ್ಕೆಟ್ ಹೊಸಾವು ಹಾಕಸ್ರಿ, ಈಗಿನ ಇ20 ಪೆಟ್ರೋಲಿನಾಗ ಬೆರಸೋ 20% ಎಥನಾಲ್ ಹಳೇ ರಬ್ಬರಿಗೆ ಆಗಿಬರಂಗಿಲ್ಲ.

ಹಬ್ಬಕ್ಕ, ಮದುವಿಗೆ ಅಂತ ಹುಬ್ಬಳ್ಳಿ ಕಡೆ ಹೋಗ್ತಿದ್ರ ಸಿಯೆರಾ ತಗೋರಿ, ಆದ್ರ ಹಿಂದಿನ ಆ ಎರಡೂ ಬಾಜು ಗ್ಲಾಸ್ ನೆಟ್ಟಗಿದ್ರ ಮಾತ್ರ. ರವಿವಾರ ಮುಂಜಾನೆ ಊರೊಳಗ ಒಂದು ರೌಂಡು, ಚಹಾ, ವಾಪಸ್, ಇಷ್ಟೇ ಅಂದ್ರ ಪದ್ಮಿನಿ. ನನ್ನ ಮನಸ್ಸು ಪದ್ಮಿನಿ ಕಡೇನೇ.

ಎರಡಕ್ಕೂ 15 ವರ್ಷ ದಾಟೇದ, ಅದಕ್ಕ ಆರ್‌ಸಿ ರಿನ್ಯೂ ಆಗೇದೇನು, ಎಲ್ಲಿತನಕ ಅದ ಅಂತ ನೋಡಿನೇ ಅಡ್ವಾನ್ಸ್ ಕೊಡ್ರಿ. "ವಿಂಟೇಜ್ ಗಾಡಿ ಸಾಹೇಬ್ರ" ಅಂತ ಏಜೆಂಟ್ ರೇಟ್ ಏರಿಸಿದ್ರ ನಂಬಬ್ಯಾಡ್ರಿ. 2021ರ ನಿಯಮದ ಪ್ರಕಾರ ವಿಂಟೇಜ್ ಅನಸ್ಕೊಳ್ಳಾಕ 50 ವರ್ಷ ಆಗಿರಬೇಕು, ಸಿಯೆರಾಕ್ಕಂತೂ 2041ರ ತನಕ ಆ ಮಾತೇ ಇಲ್ಲ, ಪದ್ಮಿನಿಗೆ ಸಿಕ್ರೂ ಆ ವಿಂಟೇಜ್ ನಂಬರ್ ಪ್ಲೇಟ್ ಹಚ್ಚಿ ದಿನಾ ಓಡಸೂ ಹಂಗಿಲ್ಲ.